ಗಡಿಯಾರದ ಶೆಲ್ಲು ಕದ್ದ ಸಂಜೆ

ಮಕ್ಕಳೇ, ನಿಮ್ಮಮ್ಮ ಕುಂದಾಪುರದಲ್ಲಿ ಡಿಪ್ಲೊಮಾ ಕಡೇ ವರ್ಷ ಓದುತ್ತಿದ್ದಾಗ ನಾನೊಂದು ಕಳ್ಳಕೆಲಸ ಮಾಡಿದೆ. ನಿಮ್ಮಜ್ಜ ತೀರಿಕೊಂಡಿದ್ದರು, ಮರವಂತೆಯ ಹೊಳೆಬದಿಯ ಮನೆಯಲ್ಲಿ ನಾವಿಬ್ಬರೇ.

ಅವಳ ಪ್ರಾಜೆಕ್ಟ್ ಲೆಕ್ಕ ಮಾಡುವ ಎಲೆಕ್ಟ್ರಾನಿಕ್ ಚಿಪ್ಪು ಕೂರಿಸಿದ ಒಂದು ಪುಟ್ಟ ಹಸಿರು ಹಲಗೆ. ಅದರಿಂದ ಹೊರಟ ಕೆಂಪು, ಕಪ್ಪು ತಂತಿಗಳನ್ನು ಬ್ಯಾಟರಿ ಶೆಲ್ಲಿಗೆ ಮುಟ್ಟಿಸಿದರೆ ಎಷ್ಟು ವೋಲ್ಟ್ ಎಂದು ಅಂಕಿ ಮೂಡುತ್ತಿತ್ತು. ಮರುದಿನ ಮೇಷ್ಟ್ರಿಗೆ ತೋರಿಸಬೇಕು. ಶೆಲ್ಲು ತಿರುಗಿಸಿ ಹಿಡಿದರೆ ಮೈನಸ್ ಎಂದೂ ಬರಬೇಕು, ಇಲ್ಲವಾದರೆ ಫೇಲು.

ಸಂಜೆ ಅವಳು ಇದನ್ನು ಮುಟ್ಟಬೇಡ ಎಂದು ಹೇಳಿ ಸ್ನಾನಕ್ಕೆ ಹೋದಳು. ನನಗೆ ಕೈ ತಡೆಯಲಿಲ್ಲ. ಅಲ್ಲೇ ಇದ್ದ ಶೆಲ್ಲಿಗೆ ಮುಟ್ಟಿಸಿದೆ: ಒಂದೂವರೆ! ಖುಷಿಯಾಗಿ ಇನ್ನೊಮ್ಮೆ ಮುಟ್ಟಿಸಿದರೆ ಸೊನ್ನೆ. ತಂತಿ ಅದಲುಬದಲಾದದ್ದು ನನಗೇನು ಗೊತ್ತು? ಶೆಲ್ಲು ಸತ್ತೇಹೋಯಿತೆಂದು ಗೋಡೆ ಗಡಿಯಾರದ್ದನ್ನು ಕಿತ್ತು ತಂದೆ. ಅದಕ್ಕೂ ಸೊನ್ನೆ. ಟಾರ್ಚಿನದಕ್ಕೂ ಸೊನ್ನೆ. ಮೂರನ್ನೂ ಕೊಂದೆ ಎಂದುಕೊಂಡೆ. ಮಡಿಲಲ್ಲಿ ಬಚ್ಚಿಟ್ಟುಕೊಳ್ಳುವಷ್ಟರಲ್ಲಿ ಅವಳು ಸ್ನಾನ ಮುಗಿಸಿ ಬಂದಳು.

"ಅಮ್ಮಾ, ಗಡಿಯಾರ ಎಂತಕ್ಕೆ ನಿಂತದ್ದ್?"

"ನಂಗೆ ಗೊತ್ತಿಲ್ಲೆ."

"ಹಂಗಾರೆ ನಿನ್ ಮಡಿಲಂಗೆ ಎಂತ? ಮುಟ್ಟುಕಾಗ ಅಂದಿದ್ನಲ್ದಾ?"

ಅವಳು ನನ್ನ ಮಡಿಲಿನ ಶೆಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಜೀವಂತ. ತಿರುಗಿಸಿ ಹಿಡಿದಾಗ ಮಾತ್ರ ಸೊನ್ನೆ. ಅವಳ ಮುಖ ಸಪ್ಪಗಾಯಿತು. ಮೈನಸ್ ಬರುತ್ತದೆಂದು ನಂಬಿ, ತಿರುಗಿಸಿ ನೋಡಿರಲೇ ಇಲ್ಲವಂತೆ.

"ಈ ಚಿಪ್ಪಿಗೆ ಸೊನ್ನೆಯಿಂದ ಕೆಳ್ಗೆ ಲೆಕ್ಕವೇ ಬತ್ತಿಲ್ಲೆ ಅಮ್ಮ. ಸೊನ್ನೆಯಿಂದ ಐದ್ ವೋಲ್ಟ್ ತನ್ಕ ಮಾತ್ರ."

ನನಗೆ ಹೊಳೆಗಿಳಿಯುವ ಮೆಟ್ಟಿಲು ನೆನಪಾಯಿತು. ನೀರು ದಿನವೂ ಏರಿ ಇಳಿಯುತ್ತದೆ. ನಾವು ತಳದ ಮೆಟ್ಟಿಲಿನಿಂದಲೇ ಎಣಿಸುತ್ತೇವೆ; ನೀರು ನಡುಮಟ್ಟದಲ್ಲಿದ್ದರೆ ಐದನೇ ಮೆಟ್ಟಿಲು.

"ನಮ್ಮ ಐದ್ನೇ ಮೆಟ್ಲನ್ನೇ ಸೊನ್ನೆ ಅಂತ ಇಟ್ಕೊ, ಹೆಣೆ. ಏರಿರೆ ಆರು, ಇಳಿದ್ರೆ ನಾಕು. ತಳಕ್ಕಿಂತ ಕೆಳ್ಗೆ ಹೋಪ ಕೆಲ್ಸವೇ ಇಲ್ಲೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಎರಡು ಸಮನಾದ ರೆಸಿಸ್ಟರ್ ಜೋಡಿಸಿ, ಐದು ವೋಲ್ಟನ್ನು ಅರ್ಧ ಮಾಡಿ, ಕಪ್ಪು ತಂತಿಯನ್ನು ಆ ಎರಡೂವರೆಗೆ ಕಟ್ಟಿದಳು. ಚಿಪ್ಪು ಓದಿದ್ದರಲ್ಲಿ ಎರಡೂವರೆ ಕಳೆದು ತೋರಿಸುವಂತೆ ಪ್ರೋಗ್ರಾಂ ತಿದ್ದಿದಳು. ಶೆಲ್ಲು ತಿರುಗಿಸಿದಳು. ಮೈನಸ್ ಒಂದೂವರೆ!

ಮರುದಿನ ನಗುತ್ತಲೇ ಮನೆಗೆ ಬಂದಳು.

"ಈ ತಪ್ಪು ಕಂಡ್ ಹಿಡ್ದದ್ ಯಾರ್ ಅಂತ ಮೇಷ್ಟ್ರ್ ಕೇಂಡ್ರ್. ನಮ್ಮಮ್ಮ ಅಂದೆ."

"ಅಯ್ಯೋ! ಕದ್ದ್ ಮುಟ್ಟಿದ್ದೂ ಹೇಳ್ದ್ಯಾ?"

"ಅದನ್ನೇ ಮೊದ್ಲ್ ಹೇಳ್ದದ್!"

ಅವಳು ಪಾಸಾದಾಗ ಕಾಲೇಜಿಗೆ ಬಾ ಎಂದು ಕರೆದಳು. ಆ ಮೇಷ್ಟ್ರ ಮುಖ ಹೇಗೆ ನೋಡುವುದು? ತಲೆನೋವು ಎಂದು ಮನೆಯಲ್ಲೇ ಉಳಿದೆ. ಅದೂ ಸುಳ್ಳೇ.