ಸಾಹೇಬರಿಗೆ ತೋರಿಸಿದ ನೂಲು

ಹೆಬ್ಬಳ್ಳಿ ಕಡೆ ಒಂದು ಹಳ್ಳ್ಯಾಗ ಹೆಣ್ಮಕ್ಕಳ ಸಾಲಿ ನಡಸ್ತಿದ್ದೆ. ಸಾಲಿ ಅಂದ್ರ ಗೌಡರ ಹಳೇ ಪಡಸಾಲಿ, ಅಕ್ಕೋರು ಅಂದ್ರ ನಾನೊಬ್ಬಾಕಿ. ನಾಲ್ಕನೇ ಇಯತ್ತೆಗೆ, ಅಂದ್ರ ನಾಲ್ಕನೇ ಕ್ಲಾಸಿಗೆ, ಓದು ಮುಗೀತಿತ್ತು. ಮುಂದ ಗಂಡುಹುಡುಗರ ಸಾಲಿಗೆ ಯಾರೂ ಮಗಳನ್ನ ಕಳಸ್ತಿದ್ದಿಲ್ಲ.

ನಾ ಹೇಳೂ ವರ್ಷ ನಾಲ್ಕನೇ ಇಯತ್ತೆಯೊಳಗ ಉಳಿದಾಕಿ ಒಬ್ಬಾಕಿನಽ, ಹತ್ತಿ ವ್ಯಾಪಾರದವರ ಮಗಳು. ನಾ ಲೆಕ್ಕ ಬರದು ಮುಗಸೂದರಾಗ ಉತ್ತರ ಹೇಳಾಕಿ. ಆಕಿ ಅಪ್ಪ ನನಗ ಖಡಾಖಡಿ ಹೇಳಿದ್ದ, ಐದನೇ ಇಯತ್ತೆ ಊರಾಗ ಬಂದ್ರ ಓದಸ್ತೇನಿ, ಇಲ್ಲಂದ್ರ ಗಬ್ಬೂರಿನವರು ಕನ್ಯಾ ಕೇಳಾಕತ್ತಾರ, ಹೂಂ ಅಂದುಬಿಡ್ತೇನಿ ಅಂತ. ಐದನೇ ಇಯತ್ತೆ ಕೊಡೂದು ಬಿಡೂದು ವರ್ಷಕ್ಕೊಮ್ಮೆ ಸಾಲಿ ನೋಡಾಕ ಬರೂ ತಪಾಸಣಿ ಸಾಹೇಬರ ಕೈಯಾಗಿತ್ತು.

ಮೊದಲಿನ ತಪಾಸಣಿ ಅಂದ್ರ ಥೇಟ್ ಕನ್ಯಾ ನೋಡಿದಂಗ. ಸಾಹೇಬರು ಟಾಂಗಾ ಇಳದು ಬರ್ತಿದ್ರು, ಕಾಲಿಗೆ ನೀರು ಕೊಡ್ತಿದ್ವಿ, ಹುಡಿಗ್ಯಾರು ಮಗ್ಗಿ ಒಪ್ಪಿಸಿ ಹಾಡು ಹೇಳ್ತಿದ್ರು, ತಾಟಿನ್ಯಾಗ ಕಸೂತಿ ಇಟ್ಟು ತೋರಸ್ತಿದ್ವಿ. ಕಸೂತಿ ಹಾಕಿದವರು ಅವ್ವಂದಿರು. ನಮ್ಮ ಕಡೆ ಕನ್ಯಾ ತೋರಸುಮುಂದನೂ ಹಿಂಗಽ, ಮಗಳು ಹಾಕ್ಯಾಳಂತ ಹೇಳಿ ಅವ್ವ ಹಾಕಿದ ಕುಬಸ ಮುಂದಿಡ್ತಾರ. ನೋಡಾಕ ಬಂದವರಿಗೂ ಗೊತ್ತಿರತದ, ಅದನ್ನ ಯಾರೂ ಸುಳ್ಳು ಅನ್ನೂದಿಲ್ಲ. ಸಾಹೇಬರು ಹೋಳಿಗಿ ಉಂಡು, ಸಾಲಿ ಛಲೋ ಅದ ಅಂತ ಬರದು ಹೋಗ್ತಿದ್ರು.

ಅದಽ ವರ್ಷ ಮುಂಬಯಿಯಾಗ ಮಂತ್ರಿಗಳು ಬದಲಾದ್ರು. ಓದು ಬರಹದಷ್ಟಽ ಕೈಕೆಲಸನೂ ಬೇಕು, ಮಕ್ಕಳು ತಕಲಿ ಅನ್ನೂ ಸಣ್ಣ ಕದರು ಹಿಡದು ನೂಲಬೇಕು, ಅದನ್ನೂ ತಪಾಸಣಿ ಮಾಡ್ತಾರ ಅಂತ ಹುಕುಂ ಬಂತು. ನನಗ ಮೈ ಉರದುಹೋತು. ಊರ ತುಂಬ ಹತ್ತಿ, ಮನಿ ಮನ್ಯಾಗ ಮುದುಕ್ಯಾರು ರಾಟಿ ತಿರಗಸ್ತಾರ, ನೂಲೂದು ಕಲಿಯಾಕ ಸಾಲಿ ಯಾಕ ಬೇಕು? ಪುಸ್ತಕದ ಸಲುವಾಗಿ ಒಂದೊಂದು ಹುಡಿಗಿಗೂ ಅಪ್ಪಂದಿರ ಮುಂದ ಗೋಗರದು ಕರಕೊಂಡು ಬಂದಾಕಿ ನಾನು. ಆದ್ರೂ ಐದನೇ ಇಯತ್ತೆ ಬೇಕಿತ್ತಲ್ಲ! ಬೈಕೋತ ಬೈಕೋತ ನಾನೂ ನೂಲಾಕ ಕಲಿತೆ, ಅವರಿಗೂ ಕಲಿಸಿದೆ.

ಮೊದಮೊದಲು ಅವರ ನೂಲು ಒಂದು ಕಡೆ ದಾರ, ಒಂದು ಕಡೆ ಹಗ್ಗ. ಎಳಿಯೂದು, ಹರಿಯೂದು, ಅಳೂದು. ಸಂಕ್ರಾಂತಿ ಹೊತ್ತಿಗೆ ಎಲ್ಲಾರೂ ಒಂದೊಂದು ಲಡಿ ಸುತ್ತಿದ್ರು. ಗಂಟುಗಂಟು ಇತ್ತು, ಖರೇ, ಆದ್ರ ಅವರ ಕೈಯಿಂದನಽ ಆಗಿದ್ದು. ಬುಟ್ಟ್ಯಾಗ ಇಟ್ಟು ಮತ್ತ ಮತ್ತ ನೋಡ್ತಿದ್ದೆ. ಹೆಮ್ಮಿ ಅನಸ್ತಿತ್ತು.

ತಪಾಸಣಿ ಹಿಂದಿನ ದಿನ ಅವ್ವಂದಿರು ಪದ್ಧತಿಪ್ರಕಾರ ಬಂದು ಸಾಲಿ ಸಾರಿಸಿ ಹೋದ್ರು. ಮುಂಜಾನೆ ಬುಟ್ಟಿ ತಗದು ನೋಡ್ತೇನಿ, ಮಲ್ಲಿಗಿಯಂಥ ಬಿಳಿ ನೂಲು, ಎಳಿ ಎಳಿನೂ ಸಮ! ಹುಡಿಗ್ಯಾರ ನೂಲು ಎಲ್ಲೆ ಅಂತ ಕೇಳಿದೆ. ಹೋಳಿಗಿ ತಗೊಂಡು ಬಂದಿದ್ದ ನಾಲ್ಕನೇ ಇಯತ್ತೆಯಾಕಿ ಅವ್ವ ನಕ್ಕೋತ ಹೇಳಿದ್ಲು:

"ಆ ಸಿಕ್ಕುಸಿಕ್ಕು ನೂಲು ಸಾಹೇಬರ ಮುಂದ ಹೆಂಗ ಇಡೂದ್ರಿ ಅಕ್ಕೋರ? ನಮ್ಮ ಅತ್ತಿಯವರು ನೂತದ್ದು ತಂದು ಇಟ್ಟೇವಿ. ಹುಡಿಗ್ಯಾರದ್ದನ್ನ ಬತ್ತಿ ಮಾಡಿ ಗುಡಿ ದೀಪಕ್ಕ ಹಾಕಿದ್ವಿ."

ನಾ ಬಾಯಿ ತಗಿಯೂದರಾಗ ಹೊಸ ಸಾಹೇಬರ ಸೈಕಲ್ಲು ಬಾಗಲಿಗೆ ಬಂತು.

ಸಣ್ಣ ವಯಸ್ಸಿನವರು, ಖಾದಿ ಟೊಪಗಿ. ಕೆಟ್ಟವರಂತೂ ಅಲ್ಲ. ಮಗ್ಗಿ ಕೇಳಲಿಲ್ಲ, ಹಾಡು ಕೇಳಲಿಲ್ಲ, ಸೀದಾ ಬುಟ್ಟಿಗೆ ಕೈ ಹಾಕಿದ್ರು. ನೂಲು ಬೆಳಕಿಗೆ ಹಿಡದು, ನಾಲ್ಕನೇ ಇಯತ್ತೆಯ ನನ್ನ ಹುಡಿಗಿನ್ನ ಕರದು, ಇದನ್ನ ಯಾರು ನೂತ್ರು ಅಂತ ಕೇಳಿದ್ರು. ಆಕಿ ಬಾಗಲದಾಗ ನಿಂತ ಅವ್ವನ್ನ ನೋಡಿದ್ಲು.

"ನಾನಽ ನೂತೇನ್ರಿ."

ಸಾಹೇಬರು ತಕಲಿ ಕೊಟ್ಟು ನೂಲು ಅಂದ್ರು. ಅವ್ವನ ಕಡೆ ನೋಡಕೋತಽ ಆಕಿ ತಿರಿವಿದ್ಲು. ದಪ್ಪ ಎಳಿ ಒಂದು ಗೇಣು ಬಂದು ಹರೀತು, ಮತ್ತ ಹಚ್ಚಿದ್ಲು, ಮತ್ತ ಹರೀತು. ನಾ ಮುಂದ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ, ಲಡಿ, ಅತ್ತಿಯವರ ನೂಲು, ಗುಡಿ ದೀಪ, ಎಲ್ಲಾ. ಅವರು ಸಮಾಧಾನದಿಂದ ಕೇಳಿದ್ರು.

"ನೀವು ಹೇಳೂದು ಖರೇ ಇದ್ದೀತು ಅಕ್ಕೋರ. ಆದ್ರ ನಾ ಕಂಡದ್ದನ್ನಽ ಬರೀಬೇಕಲ್ಲ."

ಐದನೇ ಇಯತ್ತೆ ಬರಲಿಲ್ಲ. ಸಾಹೇಬರು ಹೋಳಿಗಿ ಮುಟ್ಟದಽ ಹ್ವಾದ್ರು. ಅವ್ವಂದಿರಿಗೆ ಅದಽ ದೊಡ್ಡ ಅವಮಾನ ಆತು. ನಮ್ಮ ಮಕ್ಕಳನ್ನ ಕಳ್ಳರನ್ನ ಮಾಡಿದ್ರು ಅಂತ ದೊಡ್ಡ ಹುಡಿಗ್ಯಾರನ್ನೆಲ್ಲ ಸಾಲಿ ಬಿಡಿಸಿಬಿಟ್ರು. ಯಾರ ಮ್ಯಾಲ ಸಿಟ್ಟಾಗಲಿ ನಾನು? ಮಕ್ಕಳ ಮರ್ಯಾದಿ ಉಳಸಾಕ ಹೋದವರು ಅವರು.

ನಾಲ್ಕನೇ ಇಯತ್ತೆಯಾಕಿ ಮಾತ್ರ ಒಂದು ದಿನ ಬಂದ್ಲು. "ಅವ್ವಗ ಏನರೆ ಅಂದಾರಂತ ಹಂಗ ಹೇಳಿದ್ನಿರಿ ಅಕ್ಕೋರ. ಐದನೇ ಇಯತ್ತೆ ಯಾವಾಗ ಸುರು ಆಗತದ್ರಿ?" ಅಂದ್ಲು. ಆಗತದ ತಡಿ ಅಂತ ಅಂದೆ. ಇನ್ನೇನು ಅನ್ಲಿ? ವೈಶಾಖದಾಗ ಗಬ್ಬೂರಿಗೆ ಕೊಟ್ಟು ಮದುವಿ ಮಾಡಿದ್ರು.

ಮರುವರ್ಷ ಆ ಮಂತ್ರಿಗಳೂ ಹ್ವಾದ್ರು. ಬ್ಯಾರೇ ಸಾಹೇಬರು ಬಂದ್ರು, ವಯಸ್ಸಾದವರು. ತಕಲಿ ಮಾತಽ ಎತ್ತಲಿಲ್ಲ. ಮೂಲ್ಯಾಗ ಧೂಳು ಹಿಡದು ಬಿದ್ದಿದ್ದ ತಕಲಿ ನೋಡಿ, ಇವನ್ನ ತಗದು ಇಡ್ರಿ, ಜಾಗಾ ಆಗತದ ಅಂದ್ರು. ನನಗ ತಡಕೊಳ್ಳಾಕ ಆಗಲಿಲ್ಲ, ಸಿಟ್ಟಿನ್ಯಾಗ ಐದನೇ ಇಯತ್ತೆ ಕೇಳಿಬಿಟ್ಟೆ. ಇಲ್ಲ ಅಂತಾರ ಅಂತಽ ಕೇಳಿದ್ದು.

"ಅದಕ್ಕೇನು, ಕೊಡೋಣಂತ," ಅಂದ್ರು ಅವರು. "ನಾಲ್ಕನೇ ಇಯತ್ತೆ ಪಾಸಾದ ಹುಡಿಗಿ ಒಬ್ಬಾಕಿ ಇದ್ರೂ ಸಾಕು. ಕರೀರಿ."

ಪಡಸಾಲ್ಯಾಗ ಒಂದನೇ ಇಯತ್ತೆಯ ಸಣ್ಣ ಹುಡಿಗ್ಯಾರು ಅಷ್ಟಽ ಕುಂತಿದ್ರು, ಪಾಟಿ ಹಿಡಕೊಂಡು.