ಬಿಳಿ ಕುದುರೆ ಲಭ್ಯವಿದೆ

ಅಂಕೋಲೆಯ ಪೇಟೆಯಲ್ಲಿ ನನಗೂ ನನ್ನ ವೈನಿಗೂ ಸೇರಿದ ಒಂದು ಬಾಡಿಗೆ ಅಂಗಡಿ ಇದೆ. ವೈನಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮದುವೆ, ಮುಂಜಿ, ಗೃಹಪ್ರವೇಶ, ಹದಿಮೂರನೇ ದಿನದ ಊಟ, ಏನೇ ಇದ್ದರೂ ಹಂಡೆ, ಕೊಪ್ಪರಿಗೆ, ಕುರ್ಚಿ, ಶಾಮಿಯಾನ ನಮ್ಮಲ್ಲಿಂದ ಹೋಗುತ್ತವೆ. ವೈನಿಯ ಮನೆ ಅಂಗಡಿಯ ಹಿಂದೆಯೇ. ನಾನು ಕಾರವಾರದ ಹಬ್ಬುವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಆ ದಿನ ನನಗೆ ದೊಡ್ಡ ದೊಡ್ಡ ಯೋಚನೆಗಳು ಬರುತ್ತವೆ. ಈ ಕಥೆ ಶುರುವಾಗಿದ್ದು ಅಂಥ ಒಂದು ಸೀಟಿನಲ್ಲಿಯೇ.

ನಮ್ಮ ದೊಡ್ಡ ತಲೆನೋವು ಫೋನು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನೂರು ಮಂದಿಯ ಅನ್ನಕ್ಕೆ ಯಾವ ಹಂಡೆ ಬೇಕು? ವೈನಿ ಕೊಡುವ ಉತ್ತರವೂ ಒಂದೇ.

"ನಿಮ್ಮ ನೂರು ಮಂದಿ ಎಷ್ಟು ತಿಂತ್ರು ಅಂದೇಳಿ ನಂಗೆ ಹೆಂಗೆ ಗೊತ್ತು? ನನ್ನ ನೆಂಟ್ರಾ ಅವ್ರು?"

ಅರ್ಧ ಜನ ಇದನ್ನು ಕೇಳಿ ನಕ್ಕು ಅಂಗಡಿಗೆ ಬರುತ್ತಿದ್ದರು. ಇನ್ನರ್ಧ ಜನ ಬೇರೆ ಅಂಗಡಿಗೆ ಹೋಗುತ್ತಿದ್ದರು. ಆ ಇನ್ನರ್ಧ ಜನರ ಚಿಂತೆ ನನಗೆ.

ಆಗಲೇ ಕಾರವಾರದಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ಎರಡು ದಿನದ ತರಬೇತಿ ನಡೆಯಿತು. ಪಾಠ ಮಾಡಿದ ಹುಡುಗಿ ಪರದೆಯ ಮೇಲೆ ತೋರಿಸಿದಳು: ದೂರದಲ್ಲೆಲ್ಲೋ ಇರುವ ಕಂಪ್ಯೂಟರನ್ನು ಬಾಡಿಗೆಗೆ ಹಿಡಿಯಬಹುದು, ಅದರ ಮೇಲೆ ನಮ್ಮ ಅಂಗಡಿಯ ಆ್ಯಪ್ ಕೂರಿಸಬಹುದು, ಅದಕ್ಕೆ ಒಂದು ಎಐ ಜೋಡಿಸಿದರೆ ಗಿರಾಕಿಗಳ ಮೆಸೇಜಿಗೆ ಅದೇ ಕನ್ನಡದಲ್ಲಿ ಉತ್ತರ ಬರೆಯುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಬರೆದುಕೊಂಡೆ. ಮರುದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಓದುತ್ತ, ಇದು ನಮ್ಮ ಅಂಗಡಿಗೂ ಬೇಕು ಎಂದು ನಿರ್ಧರಿಸಿದೆ. ಇಳಿದವಳೇ ವೈನಿಗೆ ಹೇಳಿದೆ, ನಾವು ಪಾತ್ರೆ ಬಾಡಿಗೆಗೆ ಕೊಟ್ಟ ಹಾಗೆ ಅವರು ಕಂಪ್ಯೂಟರ್ ಬಾಡಿಗೆಗೆ ಕೊಡುತ್ತಾರೆ, ತಾಸಿನ ಲೆಕ್ಕ ಎಂದು.

"ಡಿಪಾಜಿಟ್ ಎಷ್ಟು?"

"ಡಿಪಾಜಿಟ್ ಇಲ್ಲ ವೈನಿ. ಕಾರ್ಡ್ ನಂಬರ್ ಕೊಟ್ರೆ ಆಯ್ತು."

"ಡಿಪಾಜಿಟ್ ಇಲ್ದೇ ಸಾಮಾನು ಕೊಡೋರ ಹತ್ರ ಹುಶಾರಿಯಿಂದ ಇರ್ಬೇಕು ಗೋ," ಎಂದರು. ಆದರೂ ತಮ್ಮ ಕಾರ್ಡ್ ತೆಗೆದುಕೊಟ್ಟರು. ನನ್ನ ಕಾರ್ಡನ್ನು ಆ ಕಂಪನಿ ಎರಡು ಸಲ ಬೇಡವೆಂದು ತಳ್ಳಿಯಾಗಿತ್ತು.

ಕಾರ್ಡ್ ನಂಬರ್ ಹಾಕಿದ ಕೂಡಲೇ ವೈನಿಯ ಫೋನಿಗೆ ಒಟಿಪಿ ಬಂತು. ಹೇಳಿ ಎಂದೆ. ವೈನಿ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡಿ ಅಂದೇಳಿ ಬರ್ದಾರೆ."

"ನಾನು ಯಾರೋ ಅಲ್ವಲ್ಲ ವೈನಿ!"

"ಯಾರಿಗೂ ಅಂದ್ರೆ ಯಾರಿಗೂ."

ಕೊನೆಗೆ ಅವರೇ ಲ್ಯಾಪ್‌ಟಾಪಿನ ಮುಂದೆ ಕೂತು, ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿ, ತೋರುಬೆರಳಿನಿಂದ ಒಂದೊಂದೇ ಅಂಕಿ ಹುಡುಕಿ ಒತ್ತಿದರು. ಮೊದಲನೆಯ ಒಟಿಪಿಯ ಹೊತ್ತು ಮೀರಿತು. ಎರಡನೆಯದನ್ನು ಒತ್ತುವಾಗ ಮೀನಿನವಳು ಬಂದು ಬಂಗಡೆ ಬೇಕೇ ಎಂದು ಕೇಳಿದಳು. ಆ ಚೌಕಾಸಿಯಲ್ಲಿ ಅದೂ ಹೋಯಿತು. ಮೂರನೆಯದು ದಾಟಿತು. ನಾನು ಗೋಡೆಯ ಕ್ಯಾಲೆಂಡರಿನ ಆ ತಿಂಗಳ ಹಬ್ಬಗಳನ್ನೆಲ್ಲ ಬಾಯಿಪಾಠ ಮಾಡಿಯಾಗಿತ್ತು.

ಆಮೇಲೆ ಕಂಪ್ಯೂಟರ್ ಯಾವ ಊರಿನದು ಬೇಕು ಎಂದು ಕೇಳಿತು. ಪಟ್ಟಿಯಲ್ಲಿ ದೇಶವಿದೇಶದ ಊರುಗಳಿದ್ದವು. "ಮುಂಬಯಿ ಒತ್ತು. ಏನಾರೂ ಆದ್ರೆ ಹೋಗಿ ಕೇಳೂಕೆ ನನ್ನ ತಮ್ಮ ಅಲ್ಲೇ ಇರ್ತ," ಎಂದರು ವೈನಿ. ನಂತರ ಗಾತ್ರ. ಸಣ್ಣದು, ಮಧ್ಯಮ, ದೊಡ್ಡದು, ಅದಕ್ಕಿಂತ ದೊಡ್ಡದು. ನಮ್ಮ ಧಂದೆಯಲ್ಲಿ ಒಂದು ನಿಯಮವಿದೆ. ಮುನ್ನೂರು ಜನ ಎಂದವರಿಗೆ ನಾನೂರು ಜನರ ಪಾತ್ರೆ ಕಳಿಸುವುದು, ಅನ್ನ ಕಡಿಮೆ ಬಿದ್ದರೆ ಹೆಸರು ಕೆಡುವುದು ನಮ್ಮದೇ. ಅದೇ ಧೈರ್ಯದಲ್ಲಿ ನಾನು ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ.

ಉಳಿದಿದ್ದು ಎಐಗೆ ಸೂಚನೆ ಬರೆಯುವುದು, ಅಂದರೆ ಅದು ಹೇಗೆ ಮಾತಾಡಬೇಕು ಎಂದು ತಿಳಿಸುವುದು. ಶಾಲೆಯಲ್ಲಿ ನನಗೆ ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಆ ಕೈಯಿಂದಲೇ ಎರಡು ಪುಟ ಬರೆದೆ. ಗಿರಾಕಿಯನ್ನು ಗೌರವದಿಂದ ಸಂಬೋಧಿಸಬೇಕು. ಅವರ ಮನೆಯ ಸಮಾರಂಭಕ್ಕೆ ಅಭಿನಂದನೆ ಹೇಳಬೇಕು. ಸಾಮಾನನ್ನು ತೊಳೆದು ಒರೆಸಿ ಹಿಂದಿರುಗಿಸಲು ತಿಳಿಸಬೇಕು. ತಳ ಸೀದಿದ್ದರೆ ದಂಡ ಎಂದೂ ಹೇಳಬೇಕು. ಯಾವ ಕಾರಣಕ್ಕೂ ಯಾರನ್ನೂ ನಿರಾಶೆಗೊಳಿಸಬಾರದು. ಈ ಕೊನೆಯ ವಾಕ್ಯ ನನಗೆ ಬಹಳ ಹಿಡಿಸಿತ್ತು. ಅಡಿಗೆರೆ ಕೂಡ ಎಳೆದೆ.

ಮೊದಲ ವಾರ ನಾವಿಬ್ಬರೂ ಅದರ ಉತ್ತರಗಳನ್ನು ಓದಿ ಓದಿ ಖುಷಿಪಟ್ಟೆವು. ಒಬ್ಬರು ತೀರಿಹೋದ ತಂದೆಯ ಹದಿಮೂರನೇ ದಿನಕ್ಕೆ ಕುರ್ಚಿ ಕೇಳಿದಾಗ ಅದು ಹೃತ್ಪೂರ್ವಕ ಅಭಿನಂದನೆ ಸಲ್ಲಿಸಿದ್ದು ನಿಜ. ಪುಣ್ಯಕ್ಕೆ ಅವರು ಅದನ್ನು ಸ್ವರ್ಗಪ್ರಾಪ್ತಿಗೆ ಹೇಳಿದ್ದೆಂದು ತಿಳಿದುಕೊಂಡರು.

ಎರಡನೆಯ ವಾರ ಕಾರವಾರದ ಹತ್ತಿರದ ಅರ್ಗಾದಿಂದ ಒಬ್ಬ ಯಜಮಾನರು ಅಂಗಡಿಗೆ ಬಂದರು. ಮಗಳ ಮದುವೆ. ಕುರ್ಚಿ, ಶಾಮಿಯಾನ ಎಲ್ಲ ಬುಕ್ ಆಗಿತ್ತು. ಕುರ್ಚಿ ತೋರಿಸಿದೆ, ನೋಡಿದರು. ಹಂಡೆ ತೋರಿಸಿದೆ, ತಟ್ಟಿ ನೋಡಿದರು. ಆಮೇಲೆ ಹಿತ್ತಲ ಕಡೆ ಇಣುಕಿ, "ಕುದ್ರೆ ಎಲ್ಲಿ ಕಟ್ಟೀರಿ?" ಎಂದು ಕೇಳಿದರು.

ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದರು. ನಮ್ಮ ಎಐ ಜೊತೆ ಮೆಸೇಜಿನಲ್ಲಿ ಆಡಿದ ಮಾತನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದರು. ಗಂಡಿನ ಕಡೆಯವರು ಕೊಲ್ಹಾಪುರದವರು, ಮದುಮಗ ಕುದುರೆ ಏರಿಯೇ ಬರಬೇಕು, ನಿಮ್ಮಲ್ಲಿ ಕುದುರೆ ಸಿಗುತ್ತದೆಯೇ ಎಂದು ಅವರು ಕೇಳಿದ್ದರು. ಉತ್ತರವನ್ನು ನಾನೇ ಗಟ್ಟಿಯಾಗಿ ಓದಿದೆ:

"ಮಾನ್ಯ ಗ್ರಾಹಕರೇ, ತಮ್ಮ ಮನೆಯ ಶುಭ ಸಮಾರಂಭಕ್ಕೆ ಹೃತ್ಪೂರ್ವಕ ಅಭಿನಂದನೆಗಳು. ಕುದುರೆ ಖಂಡಿತ ಲಭ್ಯವಿದೆ. ಬಿಳಿಯದು ಬೇಕೋ ಕಂದು ಬಣ್ಣದ್ದು ಬೇಕೋ ದಯವಿಟ್ಟು ತಿಳಿಸಿ."

ಅವರು ಬಿಳಿ ಎಂದಿದ್ದರು.

"ಅತ್ಯುತ್ತಮ ಆಯ್ಕೆ. ಬಿಳಿ ಕುದುರೆ ಲಭ್ಯವಿದೆ. ಸಮಾರಂಭ ಮುಗಿದ ಮೇಲೆ ಕುದುರೆಯನ್ನು ಚೆನ್ನಾಗಿ ತೊಳೆದು, ಒರೆಸಿ, ಹಿಂದಿರುಗಿಸಿದರೆ ಸಾಕು. ತಳ ಸೀದಿದ್ದರೆ ಮಾತ್ರ ದಂಡ ವಿಧಿಸಲಾಗುವುದು."

ವೈನಿ ನನ್ನನ್ನು ನೋಡಿದರು. ನಾನು ಹಂಡೆಯನ್ನು ನೋಡಿದೆ. ಇಂಥ ಸಾಮಾನು ನಮ್ಮಲ್ಲಿಲ್ಲ, ಮಶಿನ್ನು ತಪ್ಪು ಹೇಳಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ಬೀಗರಿಗೆ ಹೇಳ್ಬಿಟ್ಟೇನೆ ಅಮ್ಮಾ. ಕುದ್ರೆ ಇಲ್ದಿದ್ರೆ ನನ್ನ ಮಾನ ಹೋಗ್ತದೆ," ಎಂದರು. ವೈನಿಯ ಬಾಯಿ ಜೋರು, ಆದರೆ ಮಾತು ತಪ್ಪುವವರಲ್ಲ.

"ಬರ್ತದೆ ಕುದ್ರೆ. ನೀವು ಮನಿಗೆ ಹೋಗಿ," ಎಂದರು.

ನಾಲ್ಕು ದಿನ ಕುದುರೆ ಹುಡುಕಿದೆವು. ಹುಬ್ಬಳ್ಳಿಯವರು ಆ ದಿನ ಬೇರೆ ಮದುವೆ ಇದೆ ಎಂದರು. ಕೊನೆಗೆ ಗಡಿಯಾಚೆ ಗೋವಾದ ಒಂದು ಕಡಲತೀರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುವ ಒಂದು ಹೆಣ್ಣು ಕುದುರೆ ಸಿಕ್ಕಿತು. ಬಿಸಿಲಿನಲ್ಲಿ ನೋಡಿದರೆ ಬಿಳಿ ಎನ್ನಬಹುದಾಗಿತ್ತು. ಮದುವೆಯ ದಿನ ಬೆಳಿಗ್ಗೆ ಅದು ಟೆಂಪೋದಲ್ಲಿ ಅರ್ಗಾಕ್ಕೆ ಬಂದಿಳಿಯಿತು. ಕುತ್ತಿಗೆಗೆ ಹೂವಿನ ಮಾಲೆ ಹಾಕಿದರೆ ಅದು ಮಾಲೆಯ ಕೆಳಗಿನ ಅರ್ಧವನ್ನು ತಿಂದಿತು. ಉಳಿದ ಅರ್ಧವೇ ಚೆಂದ ಕಾಣುತ್ತಿತ್ತು.

ಗಂಡಿನ ಬಸ್ಸು ಹೆದ್ದಾರಿ ಪಕ್ಕ ನಿಂತಿತು. ಅಲ್ಲಿಂದ ಹೆಣ್ಣಿನ ಮನೆಯ ಚಪ್ಪರಕ್ಕೆ ಅರ್ಧ ಕಿಲೋಮೀಟರ್ ಮಣ್ಣಿನ ರಸ್ತೆ. ಮದುಮಗ ಪೇಟಾ ಕಟ್ಟಿಕೊಂಡು ಕುದುರೆ ಏರಿದ. ಬ್ಯಾಂಡು ಶುರುವಾಯಿತು. ಕುದುರೆ ಗಂಭೀರವಾಗಿ ನಡೆಯಿತು. ವೈನಿ ನನ್ನ ಕೈ ಹಿಸುಕಿ, "ನೋಡು, ಎಷ್ಟು ಚೆಂದ ಹೋಗ್ತದೆ," ಎಂದರು. ಅಷ್ಟು ಹೇಳುವಾಗ ಕುದುರೆ ನೂರು ಹೆಜ್ಜೆ ಹೋಗಿರಬೇಕು. ಅಲ್ಲಿ ನಿಂತಿತು. ನಿಧಾನವಾಗಿ ತಿರುಗಿ, ಅಷ್ಟೇ ಗಂಭೀರವಾಗಿ ಹೆದ್ದಾರಿಯ ಕಡೆಗೆ ಹೊರಟಿತು.

ಬ್ಯಾಂಡಿನವರು ಸ್ವಲ್ಪ ದೂರ ಹಾಗೇ ಹೋಗಿ, ಹಿಂದೆ ಯಾರೂ ಇಲ್ಲದ್ದು ಗೊತ್ತಾಗಿ, ತಿರುಗಿ ಓಡಿಬಂದರು. ಆರತಿ ಹಿಡಿದ ಹೆಂಗಸರೂ ತಿರುಗಿದರು. ಮದುಮಗ ಬಸ್ಸಿನ ಬಾಗಿಲಿಗೇ ವಾಪಸು ಬಂದು ನಿಂತಿದ್ದ. ಹೆಣ್ಣಿನ ತಂದೆ ತಲೆಯ ಮೇಲೆ ಕೈ ಇಟ್ಟುಕೊಂಡು ರಸ್ತೆಯಲ್ಲೇ ಕೂತರು. ಎರಡನೆಯ ಸಲವೂ ಹಾಗೇ ಆಯಿತು. ನೂರು ಹೆಜ್ಜೆ, ಮತ್ತೆ ಬಸ್ಸು.

ನಾನು ಕುದುರೆಯವನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ಕೊಂಕಣಿಯಲ್ಲಿ, "ತಿಕಾ ತಿತ್ಲೆಂಚ್ ಕಳ್ತಾ ಬಾಯೆ," ಎಂದ. ಅದಕ್ಕೆ ಗೊತ್ತಿರುವುದೇ ಅಷ್ಟು. ಹನ್ನೊಂದು ವರ್ಷದಿಂದ ಮರಳಿನ ಮೇಲೆ ನೂರು ಹೆಜ್ಜೆ ಹೋಗಿ, ತಿರುಗಿ ಬಂದು, ಗಿರಾಕಿಯನ್ನು ಇಳಿಸುತ್ತಿತ್ತಂತೆ. ಹಗ್ಗ ಎಳೆದರೆ ಕೂತುಬಿಡುತ್ತದಂತೆ.

"ಇಳಿಸಿದ ಮೇಲೆ ಏನ್ ಮಾಡ್ತದೆ?" ವೈನಿ ಕೇಳಿದರು.

"ಮತ್ತೊಬ್ಬ ಹತ್ತಿದ್ರೆ ಮತ್ತೆ ನೂರು ಹೆಜ್ಜೆ."

ವೈನಿ ಸೀರೆಯ ಸೆರಗು ಸಿಕ್ಕಿಸಿದರು. ಮದುಮಗನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಕುದುರೆ ಹೊರಟಿತು. ವೈನಿ ಪಕ್ಕದಲ್ಲೇ ನಡೆಯುತ್ತ ಹೆಜ್ಜೆ ಎಣಿಸಿದರು. ತೊಂಬತ್ತಾದ ಕೂಡಲೇ, "ಇಳಿ!" ಎಂದರು. ಮದುಮಗ ಇಳಿದ. "ಹತ್ತು!" ಹತ್ತಿದ. ಕುದುರೆ ಇದು ಹೊಸ ಗಿರಾಕಿ ಎಂದುಕೊಂಡು ಮುಂದೆ ನಡೆಯಿತು. ಮತ್ತೆ ತೊಂಬತ್ತು, ಮತ್ತೆ ಇಳಿ, ಮತ್ತೆ ಹತ್ತು. ಪ್ರತಿಸಲ ಇಳಿದಾಗ ಬ್ಯಾಂಡು ನಿಲ್ಲುತ್ತಿತ್ತು, ಹತ್ತಿದಾಗ ಶುರುವಾಗುತ್ತಿತ್ತು. ಆರತಿಯ ಹೆಂಗಸರು ಗೊಂದಲ ಬೇಡವೆಂದು ಪ್ರತಿ ಇಳಿತಕ್ಕೂ ಒಂದು ಆರತಿ ಎತ್ತಿದರು. ಏಳನೆಯ ಆರತಿಗೆ ಚಪ್ಪರ ಬಂತು.

ಗಂಡಿನ ಕಡೆಯವರು ಇದು ಕಾರವಾರದ ಕಡೆಯ ಶಾಸ್ತ್ರ ಎಂದುಕೊಂಡರು. ನಮ್ಮವರು ಇದು ಕೊಲ್ಹಾಪುರದ ಶಾಸ್ತ್ರ ಎಂದುಕೊಂಡರು. ಊಟದ ಪಂಕ್ತಿಯಲ್ಲಿ ಒಬ್ಬ ಅಜ್ಜಿ, "ಒಳ್ಳೇ ಪದ್ಧತಿ. ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ," ಎನ್ನುತ್ತಿದ್ದಳು. ನಾನು ಪಾಯಸದ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಯಜಮಾನರು ನಮ್ಮಿಬ್ಬರಿಗೂ ಕೈಮುಗಿದು ಕುಪ್ಪಸದ ಖಣ ಕೊಟ್ಟರು. ಆಮೇಲೆ ಕುದುರೆಯನ್ನು ಬಾವಿಕಟ್ಟೆಗೆ ಒಯ್ದು, ಇಬ್ಬರು ಹಿರಿಯ ಅಳಿಯಂದಿರನ್ನು ನಿಲ್ಲಿಸಿ, ತೊಳೆದು, ಹೊಸ ಟವೆಲಿನಿಂದ ಒರೆಸಿಯೇ ಟೆಂಪೋ ಹತ್ತಿಸಿದರು. ಹಾಳೆಯಲ್ಲಿ ಹಾಗೆ ಬರೆದಿತ್ತಲ್ಲ.

ಮರುದಿನ ಅಂಗಡಿಗೆ ಬಂದವಳೇ ಆ್ಯಪ್ ಅಳಿಸಿ ಹಾಕಿದೆ. ಮುಗಿಯಿತು ಎಂದುಕೊಂಡೆ. ಮುಂದಿನ ತಿಂಗಳು ವೈನಿಯ ಕಾರ್ಡಿಗೆ ಬಂದ ಬಿಲ್ಲು ನೋಡಿ ನಾನು ಅದರ ಅಂಕಿಗಳನ್ನು ಎರಡು ಸಲ ಎಣಿಸಿದೆ. ಕುದುರೆಗೂ ಟೆಂಪೋಗೂ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಅಳಿಸಿದ್ದು ಆ್ಯಪನ್ನು ಮಾತ್ರ. ಆ ಅತಿ ದೊಡ್ಡ ಕಂಪ್ಯೂಟರು ಮುಂಬಯಿಯಲ್ಲಿ ಕೆಲಸವಿಲ್ಲದೆ ಹಗಲೂ ರಾತ್ರಿ ನಮ್ಮ ಹೆಸರಿನಲ್ಲಿ ಓಡುತ್ತಲೇ ಇತ್ತು.

ವೈನಿ ಕಂಪನಿಯ ಸಹಾಯದ ನಂಬರಿಗೆ ಫೋನ್ ಹಚ್ಚಿಸಿದರು. ಸ್ಪೀಕರಿನಲ್ಲಿ ಕನ್ನಡ ಬಲ್ಲ ಒಬ್ಬ ಮೆತ್ತಗಿನ ದನಿಯ ಹುಡುಗ ಸಿಕ್ಕಿದ.

"ನಾವು ಅದನ್ನ ಮುಟ್ಟಲೇ ಇಲ್ಲ ತಮ್ಮಾ. ಸುಮ್ನೆ ಇತ್ತು."

"ಬಳಸದಿದ್ದರೂ ನಿಮ್ಮ ಬಳಿಯೇ ಇತ್ತಲ್ಲ ಮೇಡಂ. ಬೇರೆಯವರಿಗೆ ಕೊಡಲು ನಮಗೆ ಆಗಲಿಲ್ಲ. ಹಿಂದಿರುಗಿಸುವ ತನಕ ಬಾಡಿಗೆ ನಡೆಯುತ್ತದೆ."

ವೈನಿ ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಮದುವೆ ಮುಗಿದು ಎಂಟು ದಿನ ಕೊಪ್ಪರಿಗೆಯನ್ನು ಅಂಗಳದಲ್ಲಿ ಕವುಚಿ ಹಾಕಿಕೊಂಡವರಿಗೆ ಅವರು ಇದೇ ಮಾತನ್ನು ಇದೇ ಕ್ರಮದಲ್ಲಿ ಹೇಳುವುದನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ.

"ಅದೂ ಖರೇ," ಎಂದರು, ಬಹಳ ಗೌರವದಿಂದ. "ನಿಮ್ದು ಸರಿ ಅದೆ."

ಆ ಹುಡುಗ, ಮೊದಲ ಸಲ ತಪ್ಪಾಗಿದೆ, ಅರ್ಧ ಮನ್ನಾ ಮಾಡಿಸುತ್ತೇನೆ ಎಂದ. ಮಾಡಿಸಿದ ಕೂಡ. ಫೋನ್ ಇಟ್ಟ ಮೇಲೆ ವೈನಿ ಕನಿಕರದಿಂದ ತಲೆಯಾಡಿಸಿದರು. "ಪಾಪದವ. ಇವ್ನ ಕೈಲಿ ಅಂಗಡಿ ಕೊಟ್ರೆ ಆರು ತಿಂಗ್ಳಲ್ಲಿ ಮುಚ್ತದೆ."

ಆದರೆ ಆ ಬಿಲ್ಲನ್ನು ನಾನು ಕೂತು ಓದಿದ್ದರಿಂದ ಒಂದು ವಿಷಯ ಗೊತ್ತಾಯಿತು. ಎಐ ತನ್ನ ಮಾತನ್ನು ತುಂಡು ತುಂಡಾಗಿ ಎಣಿಸಿ ದುಡ್ಡು ತೆಗೆದುಕೊಳ್ಳುತ್ತದೆ. ಕನ್ನಡದ ಒಂದು ಉದ್ದ ಪದಕ್ಕೆ ಹಲವು ತುಂಡು. ‘ಹೃತ್ಪೂರ್ವಕ ಅಭಿನಂದನೆಗಳು’ ಎಂಬುದಕ್ಕೆ ನಾವು ಪ್ರತಿಸಲ ದುಡ್ಡು ಕೊಟ್ಟಿದ್ದೆವು, ಹದಿಮೂರನೇ ದಿನಕ್ಕೂ ಸೇರಿಸಿ.

ಇದನ್ನು ಕೇಳಿದ ವೈನಿ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. "ಈ ಸಲ ನಾನ್ ಹೇಳ್ತೆ, ನೀ ಬರಿ."

ದೊಡ್ಡದನ್ನು ಹಿಂದಿರುಗಿಸಿ, ಎಲ್ಲಕ್ಕಿಂತ ಸಣ್ಣ ಕಂಪ್ಯೂಟರ್ ಹಿಡಿದು, ಆ್ಯಪನ್ನು ಮತ್ತೆ ಕೂರಿಸಿದೆವು. ತಿಂಗಳಿಗೆ ಇಷ್ಟರ ಮೇಲೆ ಹೋದರೆ ಫೋನಿಗೆ ಎಚ್ಚರಿಕೆ ಬರುವ ಹಾಗೆ ಮಾಡಿದೆ. ಸೂಚನೆ ಎರಡು ಪುಟದಿಂದ ನಾಲ್ಕು ಸಾಲಿಗೆ ಇಳಿಯಿತು. ಅಂಗಡಿಯ ಸಾಮಾನಿನ ಪಟ್ಟಿಯಲ್ಲಿ ಇದ್ದರೆ ‘ಅದೆ’ ಅನ್ನು. ಇಲ್ಲದಿದ್ದರೆ ‘ಇಲ್ಲ’ ಅನ್ನು. ಬಾಡಿಗೆ ಹೇಳು. ಹೆಚ್ಚು ಮಾತಾಡಬೇಡ.

ಈಗ ಅದು ಹಾಗೇ ಇದೆ. ಯಾರಾದರೂ, ನಮಸ್ಕಾರ, ಹೇಗಿದ್ದೀರಿ, ಬರುವ ತಿಂಗಳು ನಮ್ಮಲ್ಲೊಂದು ಗೃಹಪ್ರವೇಶ, ಇನ್ನೂರು ಕುರ್ಚಿ ಸಿಗಬಹುದೇ ಎಂದು ಬರೆದರೆ, ಅದು ‘ಅದೆ’ ಎನ್ನುತ್ತದೆ. ಗಿರಾಕಿಗಳು ಕಡಿಮೆಯಾಗುತ್ತಾರೆಂದು ನಾನು ಹೆದರಿದ್ದೆ. ಆಗಲಿಲ್ಲ. ಉತ್ತರ ಬರೆಯುತ್ತಿರುವುದು ಸ್ವತಃ ವೈನಿಯೇ ಎಂದು ಅಂಕೋಲೆಯಲ್ಲಿ ಎಲ್ಲರ ನಂಬಿಕೆ.

ವೈನಿಗೆ ಮಾತ್ರ ಫೋನು ಬರದೆ ಹೊತ್ತು ಹೋಗುವುದಿಲ್ಲ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಅವರು ತಮ್ಮ ಮೊಬೈಲಿನಿಂದ ಅದಕ್ಕೇ ಮೆಸೇಜು ಹಾಕುತ್ತಾರೆ: ಇಡ್ಲಿ ಪಾತ್ರೆ ಅದೆಯಾ? ಅದು ಅದೆ ಎನ್ನುತ್ತದೆ. ವೈನಿ ಎದ್ದು ಒಳಗೆ ಹೋಗಿ, ಪಾತ್ರೆ ನಿಜಕ್ಕೂ ಇದೆಯೇ ನೋಡಿ ಬರುತ್ತಾರೆ.

"ಕೇಳಿದ್ದಕ್ಕೂ ದುಡ್ಡು ಹೋಗ್ತದೆ ವೈನಿ," ಎಂದರೆ, "ಹೋಗ್ಲಿ ಗೋ, ಎಚ್ಚರ ಅದೆಯೋ ನಿದ್ದೆ ಹೋಗೀತೋ ನೋಡ್ಬೇಕಲ್ಲ," ಎನ್ನುತ್ತಾರೆ, ಮತ್ತು ಜಾಲರಿ ಸೌಟಿನ ಬಗ್ಗೆ ವಿಚಾರಿಸತೊಡಗುತ್ತಾರೆ.