ಗಿಡ್ಡ ತೋಳಿನ ಕೋಟು

ಉಣ್ಣೆ ಬಟ್ಟೆ ಕಮರಿದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಮೊನ್ನೆ ಮಧ್ಯಾಹ್ನ ನಮ್ಮ ಹಾಸನದ ಮನೆಯಲ್ಲಿ ಅದೇ ವಾಸನೆ ಅಡುಗೆಮನೆಯ ತನಕ ಬಂತು. ಮೊಮ್ಮಗಳು ಶಾಲೆಯ ನಾಟಕಕ್ಕೆ ಬೇಕೆಂದು ನನ್ನ ಟ್ರಂಕು ಕೆದಕಿ, ತೀರಿಹೋದ ನನ್ನ ತಮ್ಮನ ಹಳೆಯ ಕೋಟನ್ನು ಹೊರಗೆಳೆದಿದ್ದಳು. ಅದಕ್ಕೆ ಇಸ್ತ್ರಿ ಹಾಕಲು ಹೋಗಿ ಬೆನ್ನಿನ ಮೇಲೆ ಕಂದು ಮಚ್ಚೆ ಮಾಡಿಟ್ಟಿದ್ದಳು. ನಾನು ಬೈಯಬೇಕೆಂದೇ ಎದ್ದು ಹೋದೆ. ಆದರೆ ಆ ವಾಸನೆ... ಬಾಗಿಲಲ್ಲಿ ನಿಂತವಳಿಗೆ ಬೈಗುಳ ಮರೆತೇಹೋಯಿತು.

"ಅಜ್ಜಿ, ಇದರ ಒಂದು ತೋಳು ಯಾಕೆ ಗಿಡ್ಡ?" ಎಂದು ಕೇಳಿದಳು ಕಳ್ಳಿ, ಮಾತು ತಪ್ಪಿಸಲು.

ಆ ಪ್ರಶ್ನೆಯನ್ನು ಒಂದು ಕಾಲಕ್ಕೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಊರಿನ ಜನ ಕೇಳುತ್ತಿದ್ದರು. ಉತ್ತರ ಒಂದು ಪುಸ್ತಕದಲ್ಲಿ ಬರುತ್ತದೆಂದು ಕಾದಿದ್ದರು. ಎಲ್ಲರಿಗಿಂತ ಹೆಚ್ಚು ಕಾದವರು ನಮ್ಮ ಟೈಲರಣ್ಣ.

ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನನಗೆ ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೊದಲ ಕೆಲಸ. ಪೇಟೆ ಬೀದಿಯ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅಂಗಡಿ, ಅದರ ಹಿಂದೆಯೇ ಅವರ ಮನೆ. ಟೈಲರಣ್ಣನ ಕೊರಳಲ್ಲಿ ಅಳತೆ ಟೇಪು ಸದಾ ತೂಗುತ್ತಿತ್ತು. ಊಟಕ್ಕೆ ಕೂತಾಗ ಅದರ ತುದಿ ಸಾರಿನ ತಟ್ಟೆಗೆ ಬಿದ್ದು ಅಕ್ಕನ ಕೈಯಲ್ಲಿ, ಅಂದರೆ ಅವರ ಹೆಂಡತಿಯ ಕೈಯಲ್ಲಿ, ಬೈಸಿಕೊಳ್ಳುವುದು ದಿನದ ಮಾತು.

ಅವರದೊಂದು ಕಟ್ಟುನಿಟ್ಟಿನ ನಡವಳಿಕೆ ಇತ್ತು. ಗಿರಾಕಿಯ ಮೈಯಲ್ಲಿ ಏನೇ ಊನ ಕಂಡರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎರಡನೇ ಸಲ ನೋಡುತ್ತಲೂ ಇರಲಿಲ್ಲ. ಒಂದು ಭುಜ ಇಳಿದಿದ್ದರೆ ಅಲ್ಲಿ ಸದ್ದಿಲ್ಲದೆ ಹತ್ತಿ ತುಂಬಿಸುತ್ತಿದ್ದರು. ಗೂನು ಇದ್ದರೆ ಬೆನ್ನಿಗೆ ಬಟ್ಟೆ ಸಡಿಲ ಬಿಡುತ್ತಿದ್ದರು. "ಮೈ ದೇವ್ರು ಕೊಟ್ಟದ್ದು ಟೀಚರಮ್ಮ. ಮುಚ್ಚಾದು ನಮ್ ಕೆಲ್ಸ, ಕೇಳಾದಲ್ಲ" ಎನ್ನುತ್ತಿದ್ದರು. ಪಾಪ, ಅವರನ್ನು ಮುಳುಗಿಸಿದ್ದೂ ಅದೇ ಒಳ್ಳೆಯತನ.

ನಾನು ಆ ಊರಿಗೆ ಹೋಗುವುದಕ್ಕೆ ಮುಂಚೆ ಹೇಮಾವತಿ ದಂಡೆಯ ಬಯಲಿನಲ್ಲಿ ಒಂದು ನಾಟಕ ಕಂಪನಿ ಮೊಕ್ಕಾಂ ಮಾಡಿತ್ತಂತೆ. ಅದರಲ್ಲಿ ಹಾಸ್ಯಗಾರರೊಬ್ಬರಿದ್ದರು, ಅವರ ವಿಷಯ ಏನು ಹೇಳಲಿ! ನಗಿಸುವುದರಲ್ಲಿ ಎಷ್ಟು ಗಟ್ಟಿಗರೋ ತಿಕ್ಕಲಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ತಮ್ಮದೇ ನಾಟಕಕ್ಕೆ ತಾವೇ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡು, ಪ್ರೇಕ್ಷಕರ ನಡುವಿನಿಂದ ರಂಗಕ್ಕೆ ಹತ್ತುತ್ತಿದ್ದರು. ಬಿಸಿಲಿದ್ದಾಗ ಛತ್ರಿ ಮಡಚಿ ಹಿಡಿದು, ಮನೆಯೊಳಗೆ ಕಾಲಿಟ್ಟೊಡನೆ ಬಿಚ್ಚುತ್ತಿದ್ದರು. ಬೀದಿಯಲ್ಲಿ ಎದುರಾದ ಎಮ್ಮೆಗಳಿಗೆಲ್ಲ ಬಗ್ಗಿ ನಮಸ್ಕಾರ. ಜನ ಅವರ ಹಿಂದೆ ಹಿಂದೆಯೇ ತಿರುಗುತ್ತಿದ್ದರು.

ಆ ಹಾಸ್ಯಗಾರರು ಕೋಟು ಹೊಲಿಸಲು ನಮ್ಮ ಟೈಲರಣ್ಣನ ಅಂಗಡಿಗೆ ಬಂದರು. ಟೇಪು ಹಿಡಿದರೆ ಎಡಗೈ ಬಲಗೈಗಿಂತ ಗೇಣುದ್ದ ಗಿಡ್ಡ ಬಂತು! ಹಾಸ್ಯಗಾರರ ಮುಖ ಮಾತ್ರ ಗಂಭೀರ. ಟೈಲರಣ್ಣ ತಮ್ಮ ರೂಢಿಯಂತೆ ಏನೂ ಕೇಳಲಿಲ್ಲ, ಮತ್ತೆ ನೋಡಲಿಲ್ಲ. ದೊಡ್ಡ ಕಲಾವಿದರು, ನೊಂದುಕೊಂಡಾರು ಎಂದು ಎಡತೋಳನ್ನು ಅಳತೆಗೆ ಸರಿಯಾಗಿ ಗಿಡ್ಡವಾಗಿಯೇ ಹೊಲಿದು ಕೊಟ್ಟರು. ಹಾಸ್ಯಗಾರರು ಅದನ್ನು ತೊಟ್ಟು ರಂಗದ ಮೇಲೆ ನಿಂತು ಎರಡೂ ಕೈ ಚಾಚಿದರು. ಕೈಗಳೆರಡೂ ಸಮ! ಎಡಗೈ ಮಾತ್ರ ಕೋಟಿನಿಂದ ಅರ್ಧ ಹೊರಗೆ. ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತಂತೆ. ಅಷ್ಟು ಜನರ ನಡುವೆ ನಗದೆ ಕೂತವರು ಟೈಲರಣ್ಣ ಒಬ್ಬರೇ.

ಅಂದಿನಿಂದ ಹಾಸ್ಯಗಾರರು ಆ ಕೋಟನ್ನು ಬಿಡಲಿಲ್ಲ. ಯಾವ ಊರಿಗೆ ಹೋದರೂ ಅದೇ ಕೋಟು, ಅದೇ ನಗು. ಇತ್ತ ಹೊಳೆನರಸೀಪುರದಲ್ಲಿ ಟೈಲರಣ್ಣ 'ಅಳತೆ ತಪ್ಪಿದ ಟೈಲರು' ಆಗಿಬಿಟ್ಟರು. "ಏನಣ್ಣೋ, ನಂಗೂ ಒಂದ್ ತೋಳು ಕಡ್ಮೆ ಮಡುಗ್ಬುಟ್ಟೀಯ ಮತ್ತೆ!" ಎಂದು ಹೋಗುವವರು ಬರುವವರೆಲ್ಲ ಕಾಲೆಳೆದರು. ಮದುವೆ ಕೋಟುಗಳು ಹಾಸನದ ಟೈಲರುಗಳ ಕಡೆ ಹೋದವು. ಇವರಿಗೆ ಉಳಿದದ್ದು ಚಡ್ಡಿ, ಪೈಜಾಮ, ದಿಂಬಿನ ಚೀಲ.

"ನಾನು ಅಳ್ತೆ ತಪ್ಪಾವ್ನಲ್ಲ ಕಣಮ್ಮ" ಎಂದು ನನ್ನೆದುರು ಎಷ್ಟೋ ಸಲ ಹೇಳಿಕೊಂಡರು. "ಅವ್ರು ಜುಬ್ಬದೊಳ್ಗೆ ತೋಳು ಎಳ್ಕಂಡ್ಬುಟ್ಟಿದ್ರು. ತಮಾಸೆಗೆ. ಅದು ನಂಗೂ ಗೊತ್ತು, ಅವ್ರಿಗೂ ಗೊತ್ತು. ನಾನು ಯೋಳುದ್ರೆ ಯಾರ್ ನಂಬ್ತಾರೆ? ಅವ್ರೇ ಯೋಳ್ಬೇಕು."

ಹಾಗಿರುವಾಗ ಸುದ್ದಿ ಬಂತು. ಹಾಸನದ ಪ್ರೆಸ್ಸಿನವರೊಬ್ಬರು ಹಾಸ್ಯಗಾರರ ಜೊತೆ ಊರೂರು ತಿರುಗಿ, ಅವರನ್ನು ಮಾತಾಡಿಸಿ, ಪ್ರಶ್ನೆ ಉತ್ತರಗಳನ್ನೆಲ್ಲ ಒಂದು ಪುಸ್ತಕ ಮಾಡುತ್ತಾರೆ. ಅಭಿಮಾನಿಗಳೂ ಪ್ರಶ್ನೆ ಕಳಿಸಬಹುದು. ನಾನೇ ಪತ್ರಿಕೆಯಲ್ಲಿ ಓದಿ ಹೇಳಿದೆ. ಟೈಲರಣ್ಣ ಮಿಷನ್ ತುಳಿಯುವುದನ್ನು ನಿಲ್ಲಿಸಿದರು. ಅವರ ಪ್ರಶ್ನೆಯನ್ನು ಬರೆದು ಅಂಚೆಗೆ ಹಾಕಿದವಳೂ ನಾನೇ. 'ಕೋಟಿನ ಎಡತೋಳು ಗಿಡ್ಡವಾದದ್ದು ಹೇಗೆ?' ಅಷ್ಟೇ. ತಮ್ಮ ಕಸುಬನ್ನಾಗಲಿ ಹೆಸರನ್ನಾಗಲಿ ಬರೆಸಲಿಲ್ಲ. "ಅವ್ರಾಗೇ ಯೋಳ್ಲಿ" ಎಂದರು.

ಆಮೇಲಿನದು ಕಾಯುವ ಕಾಲ. ಈಗಿನ ಮಕ್ಕಳಿಗೆ ಅದರ ಸುಖ ಹೇಳಿದರೆ ಅರ್ಥವಾಗಲಾರದು. ಸಂತೆಗೆಂದು ಬಂದ ಅರಕಲಗೂಡಿನವರು, ಬಸ್ಸು ಬದಲಿಸಲು ಇಳಿದ ಚನ್ನರಾಯಪಟ್ಟಣದವರು, ಹಾಸ್ಯಗಾರರ ಹುಚ್ಚು ಹಿಡಿದವರೆಲ್ಲ ಟೈಲರಣ್ಣನ ಅಂಗಡಿಯ ಜಗಲಿಗೆ ಬಂದು ಕೂರುತ್ತಿದ್ದರು. ಆಡಿಕೊಳ್ಳುವುದಕ್ಕೆ ಬಂದವರೂ ಪುಸ್ತಕದ ಸುದ್ದಿಗೆ ಕಿವಿ ನಿಮಿರಿಸುತ್ತಿದ್ದರು. ಹಾಸ್ಯಗಾರರು ಕೂತು ಉತ್ತರ ಕೊಡುವುದೇ ಇಲ್ಲವಂತೆ, ಪ್ರೆಸ್ಸಿನವರು ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣದ ತನಕ ಅವರ ಜೊತೆ ನಡೆದುಕೊಂಡೇ ಪ್ರಶ್ನೆ ಕೇಳಿದರಂತೆ. ಅರಕಲಗೂಡು ಕಡೆಯ ಮಲ್ಲಿಪಟ್ಟಣದಲ್ಲಿ ಇಡೀ ದಿನ ಬರೀ ತಲೆಯಾಡಿಸಿ ಉತ್ತರ ಹೇಳಿದರಂತೆ, ತಲೆಯಾಡಿಸಿದ್ದನ್ನು ಅಚ್ಚು ಹಾಕುವುದು ಹೇಗೆಂದು ಪ್ರೆಸ್ಸಿನವರಿಗೆ ಜ್ವರವೇ ಬಂತಂತೆ.

"ನಮ್ಮೂರಲ್ಲೇ ಸಾ ಅವ್ರು ಚೆಂದಾಗ್ ಮಾತಾಡಿರಾದು, ಪುಸ್ತಕ ಬರ್ಲಿ ನೋಡ್ತಿರಿ" ಎನ್ನುತ್ತಿದ್ದರು ಅರಕಲಗೂಡಿನವರು.

"ಓಗ್ಲಾ, ನಿಮ್ಮೂರಲ್ಲಿ ಅವ್ರು ಬಾಯೇ ಬುಡ್ಲಿಲ್ವಂತೆ!" ಎನ್ನುತ್ತಿದ್ದರು ಚನ್ನರಾಯಪಟ್ಟಣದವರು.

ದೀಪಾವಳಿಗೆ ಬರುತ್ತದೆ ಎಂದರು, ಬರಲಿಲ್ಲ. ಸಂಕ್ರಾಂತಿಗೆ ಎಂದರು. ಕಾಗದ ಸಿಗಲಿಲ್ಲ ಎಂದರು. ಹಾಸ್ಯಗಾರರು ಹೇಳಿದ್ದನ್ನೆಲ್ಲ ವಾಪಸು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ್ದಾರೆ ಎಂದರು. ಟೈಲರಣ್ಣ ಪ್ರತಿ ಸುದ್ದಿಗೂ "ಆಗ್ಲಿ, ನಿಧಾನಕ್ ಬರ್ಲಿ" ಎಂದು ಇಸ್ತ್ರಿಯ ಕೆಂಡಕ್ಕೆ ಗಾಳಿ ಹಾಕುತ್ತಿದ್ದರು. ಆದರೆ ದೇವರ ಪಟದ ಕೆಳಗಿನ ಹಲಗೆಯಲ್ಲಿ ಒಂದು ಪುಸ್ತಕದಷ್ಟು ಜಾಗ ಖಾಲಿ ಮಾಡಿಟ್ಟಿದ್ದನ್ನು ನಾನು ಕಂಡಿದ್ದೆ. ಅಕ್ಕ ಅಲ್ಲಿ ಅರಿಶಿನದ ಡಬ್ಬಿ ಇಟ್ಟರೆ ತೆಗೆದು ಪಕ್ಕಕ್ಕಿಡುತ್ತಿದ್ದರು. ಆ ಖಾಲಿ ಜಾಗ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೊನೆಗೊಂದು ಸಂಜೆ ಹಾಸನದ ಬಸ್ಸಿನಲ್ಲಿ ಪುಸ್ತಕ ಬಂತು. ಜಗಲಿ ತುಂಬಿ ಜನ ಬೀದಿಗೆ ಚೆಲ್ಲಿದ್ದರು. ಓದುವುದಕ್ಕೆ ನನ್ನನ್ನು ಕೂರಿಸಿದರು. ಟೈಲರಣ್ಣ ತಮಗೇನೂ ಅವಸರವಿಲ್ಲ ಎಂಬಂತೆ ಒಳಗೆ ನಿಂತು ಒಂದು ಮದುವೆ ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಬಹಳ ದಿನಗಳ ಮೇಲೆ ಬಂದಿದ್ದ ಮದುವೆ ಕೋಟು ಅದು. ಪುಟಕ್ಕೊಂದು ನಗು ಏಳುತ್ತಿತ್ತು. ಅರ್ಧ ಪುಸ್ತಕ ದಾಟಿದ ಮೇಲೆ ನಮ್ಮ ಪ್ರಶ್ನೆ ಸಿಕ್ಕಿತು. ನಾನು ಒಳಗೆ ನೋಡಿದೆ. ಅವರು ತಲೆ ಎತ್ತಲಿಲ್ಲ, ಕೈ ಮಾತ್ರ ನಿಂತಿತ್ತು. ಉತ್ತರವನ್ನು ಓದಿದೆ.

'ಹೊಳೆನರಸೀಪುರದ ಒಬ್ಬ ಪುಣ್ಯಾತ್ಮ ಅಳತೆ ತಪ್ಪಿದ. ಆ ತಪ್ಪಿನ ಅನ್ನವನ್ನೇ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ. ಅವನ ಕೈಗೆ ನನ್ನ ನಮಸ್ಕಾರ.'

ಜನ ಹೋ ಎಂದು ಕೂಗಿದರು. ನಮ್ಮೂರಿನ ಹೆಸರು ಪುಸ್ತಕದಲ್ಲಿ ಬಂದಿತ್ತಲ್ಲ! ಅರಕಲಗೂಡಿನವರ ಮುಖ ಸಣ್ಣದಾಯಿತು. ಯಾರೋ ಮೈಸೂರುಪಾಕು ತಂದು ಟೈಲರಣ್ಣನ ಬಾಯಿಗೆ ತುರುಕಿದರು, ಯಾರೋ ತಬ್ಬಿಕೊಂಡರು. ಅವರು ನಗುತ್ತಲೇ ಇದ್ದರು. ಆಗಲೇ ನನ್ನ ಮೂಗಿಗೆ ಆ ವಾಸನೆ ಬಡಿದದ್ದು. ಇಸ್ತ್ರಿ ಪೆಟ್ಟಿಗೆ ಕೋಟಿನ ಮೇಲೇ ಕೂತಿತ್ತು. ಟೈಲರಣ್ಣ ಅದನ್ನೆತ್ತಿ ಪಕ್ಕಕ್ಕಿಟ್ಟು "ಕಮರೋಯ್ತು" ಎಂದರು. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮಾರನೆಯ ದಿನ ಶಾಲೆಗೆ ಹೊರಟವಳು ತಡೆಯಲಾರದೆ ಅಂಗಡಿಯ ಮುಂದೆ ನಿಂತೆ. ನಿಜ ಬರೆದು ಪ್ರೆಸ್ಸಿನವರಿಗೆ ಕಳಿಸೋಣ ಎಂದೆ. ಅವರು ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ತಲೆ ಅಲ್ಲಾಡಿಸಿದರು.

"ಬೈದಿದ್ರೆ ಜಗ್ಳಾನಾರ ಆಡ್ಬೋದಿತ್ತು ಟೀಚರಮ್ಮ. ನಮಸ್ಕಾರ ಅಂದವ್ರೆ. ಅದ್ಕೆ ಏನ್ ಅನ್ನಾನ ಯೋಳಿ?"

ಪುಸ್ತಕವನ್ನು ಅವರು ಆ ಹಲಗೆಯ ಮೇಲೆ ಇಡಲೂ ಇಲ್ಲ, ಎಸೆಯಲೂ ಇಲ್ಲ. ಜಗಲಿಗೆ ಬಂದವರು ಓದಿಕೊಳ್ಳಲಿ ಎಂದು ಬಾಗಿಲ ಪಕ್ಕ ಇಟ್ಟರು. ಅಕ್ಕನ ಅರಿಶಿನದ ಡಬ್ಬಿ ತನ್ನ ಜಾಗಕ್ಕೆ ಬಂತು.

ವಿಚಿತ್ರ ನೋಡಿ, ಆ ಪುಸ್ತಕದಿಂದ ಅವರ ಅಂಗಡಿಗೆ ಕಳೆ ಬಂತು. ನಾಲ್ಕೂ ಊರಿನ ಕಾಲೇಜು ಹುಡುಗರಿಗೆ, ಕಚೇರಿಯ ಗುಮಾಸ್ತರಿಗೆ 'ಹಾಸ್ಯಗಾರರ ಕೋಟು' ಬೇಕಾಯಿತು. ಎಡತೋಳು ಗೇಣುದ್ದ ಗಿಡ್ಡವೇ ಇರಬೇಕು, ಅದೂ ಅದೇ ಟೈಲರ ಕೈಯಿಂದಲೇ ಆಗಬೇಕು. ಮಾಡದ ತಪ್ಪನ್ನು ಟೈಲರಣ್ಣ ಒಂದಾದ ಮೇಲೊಂದು ಕೋಟಿನಲ್ಲಿ ಹೊಲಿಯುತ್ತಾ ಹೋದರು. ಹಾಸನದಲ್ಲಿ ಓದುತ್ತಿದ್ದ ನನ್ನ ತಮ್ಮನೂ ಬಂದು ಹಟ ಹಿಡಿದು ಒಂದು ಹೊಲಿಸಿದ. ಕೋಟು ಕೊಡುವಾಗ ಟೈಲರಣ್ಣ ಅದರ ಎಡತೋಳನ್ನು ಮೆಲ್ಲಗೆ ಸವರಿ, "ಮದ್ವೆ ಗೊತ್ತಾದ್ರೆ ಇದ್ನ ತಕಂಡ್ ಬಾಪ್ಪ, ಮರೀಬ್ಯಾಡ" ಎಂದರು.

"ಮದ್ವೆಗೆ ಯಾರಾದ್ರೂ ಇದ್ನ ಆಕ್ಕತಾರಾ ಟೈಲರಣ್ಣ!" ಎಂದು ನಕ್ಕುಬಿಟ್ಟ ಅವನು. ಅವನ ಮದುವೆಗೆ ಬೇರೆಯೇ ಕೋಟು ಬಂತು, ಬೆಂಗಳೂರಿನದು. ಇದು ನನ್ನ ಟ್ರಂಕಿನ ತಳ ಸೇರಿತು.

ಆಮೇಲೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಮದುವೆ, ಮಕ್ಕಳು... ಹಾಸ್ಯಗಾರರೂ ಹೋದರು, ಅವರ ಕೋಟಿನ ಷೋಕಿಯೂ ಹೋಯಿತು. ಅರವತ್ತರ ದಶಕದ ಕೊನೆಯಲ್ಲಿ ಒಮ್ಮೆ ಹೊಳೆನರಸೀಪುರಕ್ಕೆ ಹೋದಾಗ ಅಂಗಡಿಯ ಜಾಗದಲ್ಲಿ ಚಪ್ಪಲಿ ಮಾರುತ್ತಿದ್ದರು. ಟೈಲರು ತೀರಿಕೊಂಡು ಕೆಲವು ವರ್ಷವಾಯಿತು, ಹೆಂಡತಿ ದಂಡಿಗನಹಳ್ಳಿ ಕಡೆಯ ತವರಿಗೆ ಹೋದರು ಎಂದರು. "ಯಾರು, ಆ ಅಳ್ತೆ ತಪ್ಪಿದ್ ಟೈಲರಾ?" ಎಂದು ಕೇಳಿಕೊಂಡ ಮೇಲೇ ಚಪ್ಪಲಿ ಅಂಗಡಿಯವರು ಇಷ್ಟು ಹೇಳಿದ್ದು. ಬಸ್ಸಿನಲ್ಲಿ ಕೂತು ಅತ್ತೆ.

ಮೊನ್ನೆ ಮಚ್ಚೆ ಎಷ್ಟು ಆಳ ಸುಟ್ಟಿದೆ ಎಂದು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಡತೋಳು ಕೈಗೆ ಭಾರವೆನಿಸಿತು. ತುದಿ ದಪ್ಪಗಿತ್ತು. ಒಳಗೆ ಕೈ ಹಾಕಿ ನೋಡಿದರೆ ಅಸ್ತರು ಬಟ್ಟೆಯ ಅಡಿಯಲ್ಲಿ ಮಡಿಕೆ. ಬ್ಲೇಡು ತರಿಸಿ ಹೊಲಿಗೆ ಬಿಚ್ಚಿದೆ. ಸುಲಭವಾಗಿ ಬಿಚ್ಚಿಬಂತು, ಬಿಚ್ಚಲೆಂದೇ ಹಾಕಿದ್ದ ಸಡಿಲ ಹೊಲಿಗೆ. ಮಡಿಕೆಯಿಂದ ಗೇಣುದ್ದದ ಬಟ್ಟೆ ಇಳಿಯಿತು. ಇಷ್ಟು ವರ್ಷ ಬೆಳಕು ಕಾಣದ್ದರಿಂದ ಹೊಸ ಬಟ್ಟೆಯ ಹಾಗೇ ಕಪ್ಪಗಿತ್ತು. ಅದರ ತುದಿಯಲ್ಲಿ ಟೈಲರಣ್ಣ ಸೀಮೆಸುಣ್ಣದಲ್ಲಿ ಎಳೆದ ಗೆರೆ ಮಾಸಲಾಗಿ ಉಳಿದಿತ್ತು.

ಎರಡೂ ತೋಳನ್ನು ಜೋಡಿಸಿ ಹಿಡಿದೆ. ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲ.

ನಾಲ್ಕೂ ಊರಿನವರಿಗೆ ಅವರು ಹೊಲಿದ ಅಷ್ಟು ಕೋಟುಗಳಲ್ಲೂ ಹೀಗೇ ಸರಿಯಾದ ತೋಳನ್ನು ಮಡಚಿಟ್ಟಿದ್ದರೋ ಏನೋ... ಒಬ್ಬರಾದರೂ ಬಿಚ್ಚಿಸಲು ಹೋದರೋ ಇಲ್ಲವೋ. ನನ್ನ ತಮ್ಮ ಹೋಗಲಿಲ್ಲ, ತಿಳಿಯದೆಯೇ ತೀರಿಕೊಂಡ.

ಮೊಮ್ಮಗಳು ಕೋಟು ತೊಟ್ಟು ಕನ್ನಡಿಯ ಮುಂದೆ ಕೈ ಚಾಚಿ ನಿಂತಳು. ಮುಖ ಸಪ್ಪಗಾಯಿತು. "ಏನಜ್ಜಿ, ಸರಿ ಮಾಡ್ಬಿಟ್ಯಲ್ಲ! ಈಗ ಯಾರೂ ನಗಲ್ಲ."

ಹೌದು ಮಗಳೇ, ಈಗ ಯಾರೂ ನಗುವುದಿಲ್ಲ. ಅಳತೆ ಸರಿಯಿತ್ತು ಎಂಬ ಒಂದು ಮಾತು ಅಚ್ಚಿನಲ್ಲಿ ಬರುತ್ತದೆಂದು ಹಲಗೆಯ ಮೇಲೆ ಜಾಗ ಮಾಡಿಟ್ಟು ಕಾದವರು ಒಬ್ಬರಿದ್ದರು. ಕೇಳಿಸಿಕೊಳ್ಳಲು ಅವರು ಇಲ್ಲ.